ತೊಟ್ಟಿಲ ಮುಂದೆ ಕರೆದ ಹೆಸರು

ನಮ್ಮೂರಲ್ಲಿ ಕೂಸು ಮಲಗಿಸುವಾಗ ಆನೆಯ ಹಾಡು ಹಾಡುವುದಿಲ್ಲ. ಗೊತ್ತಿಲ್ಲದೆ ಹಾಡಿದವರೂ ಇದ್ದಾರೆ. ಮೇಲಿನ ಕೇರಿಗೆ ಮಗಳ ಬಾಣಂತನಕ್ಕೆ ಅಂತ ಬಂದಿದ್ದ ಪರಊರಿನ ಹೆಂಗಸೊಬ್ಬಳು ಉಮೇದಿನಲ್ಲಿ ಆನೆ ಅಂತ ರಾಗ ಎಳೆದಳು, ಕೂಸು ಅಲ್ಲಿಗೇ ಕಣ್ಣು ಮುಚ್ಚಿತು. ಸಂಜೆ ಕಾಫಿ ಹೊತ್ತಿಗೆ ಅದು ಕಣ್ಣು ಬಿಟ್ಟಾಗ ಕೆರೆಯಾಚೆ ಬೀಡುಬಿಟ್ಟಿದ್ದ ಸರ್ಕಸ್ಸಿನ ಆನೆ ಬಾಗಿಲೊಳಗೆ ತಲೆ ತೂರಿಸಿಕೊಂಡು ನಿಂತಿತ್ತು, ಮಾವುತ ಅದರ ಕಿವಿ ಹಿಡಿದು ಗೋಗರೆಯುತ್ತಿದ್ದ. ಓಣಿಯಲ್ಲಿ ಆನೆ ಹಿಂದಕ್ಕೆ ತಿರುಗಲು ಜಾಗವೆಲ್ಲಿದೆ? ಎರಡು ಮನೆಯ ಕಟ್ಟೆ ಒಡೆಯಬೇಕಾಯಿತು. ಆ ಬೀಗಿತ್ತಿ ಬಾಣಂತನ ಅರ್ಧಕ್ಕೆ ಬಿಟ್ಟು ಬಸ್ಸು ಹತ್ತಿದವಳು ಮತ್ತೆ ಈ ಕಡೆ ತಲೆ ಹಾಕಲಿಲ್ಲ.

ಕೂಸಿನ ಕಣ್ಣು ಮುಚ್ಚುವಾಗ ಕಿವಿಗೆ ಕೊನೆಗೆ ಬಿದ್ದ ಹೆಸರು ಯಾವುದೋ, ಕೂಸು ಕಣ್ಣು ಬಿಡುವಷ್ಟರಲ್ಲಿ ಆ ಹೆಸರಿನದು ಮನೆಯ ಹೊಸ್ತಿಲಿಗೆ ಬಂದಿರುತ್ತದೆ. ಯಾಕೆ ಅಂತ ನನ್ನನ್ನು ಕೇಳಬೇಡಿ. ನಿಮ್ಮೂರಲ್ಲಿ ಮಳೆ ಯಾಕೆ ಮೇಲಿಂದಲೇ ಬೀಳುತ್ತದೆ ಅಂತ ನಾನು ಕೇಳಿದೆನೇ? ಹಾಗಾದರೆ ಬಂಗಾರ ಹಾಡಿಕೊಂಡು ಸುಖವಾಗಿರಬಾರದೇ ಅನ್ನುವವರೂ ಇದ್ದಾರೆ. ಬರುವುದು ಹೊಸದಾಗಿ ಹುಟ್ಟಿ ಬರುವುದಿಲ್ಲವಲ್ಲ, ಇದ್ದಲ್ಲಿಂದ ಎದ್ದು ಬರುತ್ತದೆ. ಒಬ್ಬಳು ಆಸೆಬುರುಕಿ ಸರ ಅಂತ ಹಾಡಿದ್ದಕ್ಕೆ ಅವಳ ಹೊಸ್ತಿಲ ಮೇಲೆ ಬಂದು ಬಿದ್ದದ್ದು ಅವಳ ಓರಗಿತ್ತಿಯ ಕೊರಳಿನ ಸರವೇ. ಆಮೇಲೆ ಮುಖ ಎಲ್ಲಿಟ್ಟುಕೊಳ್ಳುವುದು? ಅದಕ್ಕೇ ನಮ್ಮಲ್ಲಿ ಸೊಸೆ ಮನೆ ತುಂಬಿದ ದಿನವೇ ಅತ್ತೆಯಾದವಳು ಅವಳನ್ನು ಅಡುಗೆಮನೆಯಲ್ಲಿ ಕೂರಿಸಿಕೊಂಡು ಆ ಮನೆಯ ಹಾಡಿಗೆ ಏನೇನು ಸೇರಬೇಕು ಅಂತ ಆರಿಸಿ ಕೊಡುತ್ತಾಳೆ. ಬಿಸಿಯಾದದ್ದು ಬೇಡ, ಹರಿತವಾದದ್ದು ಬೇಡ, ಜೀವ ಇರುವುದಂತೂ ಬೇಡವೇ ಬೇಡ. ಮೊರ, ಜರಡಿ, ಸೌಟು, ಚೊಂಬು. ಮಧ್ಯಾಹ್ನ ನಮ್ಮ ಓಣಿಯಲ್ಲಿ ನಡೆದರೆ ಕೂಸಿರುವ ಮನೆಗಳ ಹೊಸ್ತಿಲ ಮೇಲೆಲ್ಲ ಒಂದೊಂದು ಸೌಟೋ ಚೊಂಬೋ ಬಿದ್ದಿರುತ್ತದೆ. ದಾಟಿಕೊಂಡು ಹೋಗುತ್ತೇವೆ, ಅಷ್ಟೇ.

ನನ್ನದು ಹಿಟ್ಟಿನ ಗಿರಣಿ. ಗಂಡ ಇಟ್ಟದ್ದು, ಅವನು ಹೋದ ಮೇಲೆ ನಾನು ನಡೆಸಿಕೊಂಡು ಬಂದದ್ದು. ಗಿರಣಿಯ ಗೋಡೆಗೆ ಅಂಟಿಕೊಂಡಿರುವ ಮನೆ ತಿಪ್ಪಮ್ಮನದು. ತಿಪ್ಪಮ್ಮನಿಗೆ ಒಬ್ಬನೇ ಮಗ, ಓಬಳೇಶ. ಬೋರ್‌ವೆಲ್ ಲಾರಿಯಲ್ಲಿ ಕೆಲಸ. ನೋಡಲು ಲಕ್ಷಣವಾಗಿದ್ದ, ನಕ್ಕರೆ ಸಾಲ ಕೊಡಬೇಕು ಅನ್ನಿಸುತ್ತಿತ್ತು. ಅವನ ಕೈ ಎಂಥದ್ದು ಅಂತ ಗೊತ್ತಿದ್ದದ್ದು ಅವನ ಹೆಂಡತಿ ವನಜಳಿಗೆ, ಗೋಡೆಯ ಈಚೆ ಇದ್ದ ನನಗೆ. ಅವರ ಕೂಸು ಪುಟ್ಟಿ ಅತ್ತರೆ ಅವನಿಗೆ ಆಗುತ್ತಿರಲಿಲ್ಲ. ಒಂದು ಮಧ್ಯಾಹ್ನ ಕುಡಿದು ಮಲಗಿದ್ದವನು, ಪುಟ್ಟಿ ರಚ್ಚೆ ಹಿಡಿದು ಅಳುತ್ತಿದ್ದಾಗ ಎದ್ದು ಕುಡುಗೋಲು ತಂದು ತೊಟ್ಟಿಲ ಹಗ್ಗವನ್ನು ಕೊಯ್ದೇಬಿಟ್ಟ. ಕೂಸು ತೊಟ್ಟಿಲಲ್ಲೇ ಇತ್ತು. ಕೆಳಗೆ ಕೌದಿಯ ರಾಶಿ ಇದ್ದದ್ದು ಆ ಮಗುವಿನ ಪುಣ್ಯ. ಮಾರನೆಯ ದಿನ ಲಾರಿ ಹತ್ತಿ ಹೋದವನು ವರ್ಷವಾದರೂ ಬರಲಿಲ್ಲ. ವನಜ ಹೊಸ ಹಗ್ಗ ಕಟ್ಟಿದಳು, ನನ್ನ ಗಿರಣಿಯಲ್ಲಿ ಹಿಟ್ಟು ಜರಡಿ ಹಿಡಿಯುವ ಕೆಲಸಕ್ಕೆ ಸೇರಿದಳು, ಮೈಯಲ್ಲಿ ಒಂದಿಷ್ಟು ಮಾಂಸ ತುಂಬಿಕೊಂಡಿತು. ಆ ವರ್ಷ ಗೋಡೆಯಾಚೆಯಿಂದ ಅವಳು ನಗುವುದು ಕೇಳಿದ್ದೇನೆ.

ತಿಪ್ಪಮ್ಮ ಕೆಟ್ಟವಳಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಸೊಸೆಗೆ ಎಣ್ಣೆ ಹಚ್ಚಿ ನೀರು ಹಾಕಿದವಳು, ಬಾಣಂತನದಲ್ಲಿ ಖಾರ ಅರೆದು ಕೊಟ್ಟವಳು. ಆದರೆ ಮಗನ ವಿಷಯಕ್ಕೆ ಬಂದರೆ ಅವಳ ಕಣ್ಣಿಗೆ ಪೊರೆ. ಓಬ ಎಲ್ಲಿದ್ದಾನೆ ಅಂತ ಗೊತ್ತಿಲ್ಲದಿದ್ದಷ್ಟು ದಿನ ಅವಳು ಸುಮ್ಮನಿದ್ದಳು. ಯಾವಾಗ ಎದುರು ಮನೆಯ ಪಾಲಯ್ಯ ಎಲ್ಲೋ ದನದ ಸಂತೆಗೆ ಹೋಗಿ ಬಂದು, ಓಬನ್ನ ಕಂಡೆ, ಗಟ್ಟಿಯಾಗವ್ನೆ, ಹೊಸ ಲಾರಿ, ಇಗೋ ನಂಬರು ಅಂತ ಹೇಳಿದನೋ, ಅಂದಿನಿಂದ ಅವಳಿಗೆ ಹಿಡಿಯಿತು. ಪಾಲಯ್ಯನ ಫೋನಿನಿಂದ ಮಾಡಿದಳು. ಇವಳ ದನಿ ಕೇಳಿದ ಕೂಡಲೇ ಆ ಕಡೆಯಿಂದ ಫೋನ್ ಕಟ್. ಮತ್ತೆ ಮಾಡಿದಳು, ಮತ್ತೆ ಕಟ್. ಆ ಸಂಜೆ ಅವಳು ತೊಟ್ಟಿಲ ಹತ್ತಿರ ಹೋಗಿ, ಎಂದೂ ಇಲ್ಲದ ಮೆದು ದನಿಯಲ್ಲಿ, “ಕೊಡೇ ವನಜ, ಕೂಸ್ನ ನಾನು ತೂಗ್ತೀನಿ, ನೀನು ಕೈಕಾಲು ಚಾಚು” ಅಂದಳಂತೆ. ಹಾಡಿನ ಕೊನೆಗೆ ಯಾರ ಹೆಸರು ಬರುತ್ತದೆ ಅಂತ ವನಜಳಿಗೆ ಹೊಳೆಯಿತು.

ಅವಳು ಕೊಡಲಿಲ್ಲ. ಅಂದಿನಿಂದ ಪುಟ್ಟಿ ಅವಳ ಸೊಂಟ ಬಿಟ್ಟು ಇಳಿಯಲಿಲ್ಲ. ನೀರಿಗೆ ಹೋದರೂ ಕೂಸು, ಅಂಗಡಿಗೆ ಹೋದರೂ ಕೂಸು. ಸ್ನಾನಕ್ಕೆ ಹೋಗುವಾಗ ಬಚ್ಚಲ ಬಾಗಿಲಿಗೆ ಅದನ್ನು ಕೂರಿಸಿಕೊಂಡು, ನಿದ್ದೆ ಬರದ ಹಾಗೆ ಅದರ ಮುಖಕ್ಕೆ ನೀರು ಚಿಮುಕಿಸುತ್ತ ಮೈ ತೊಳೆಯುತ್ತಿದ್ದಳು. ಅತ್ತೆ ಸೊಸೆ ಓಬನ ಬಗ್ಗೆ ಬಾಯಿಬಿಟ್ಟು ಒಂದು ಮಾತು ಆಡಲಿಲ್ಲ. ಒಬ್ಬಳು “ಕೂಸಿಗೆ ನಿದ್ದೆ ಬಂದಂಗೈತೆ” ಅನ್ನುವಳು, ಇನ್ನೊಬ್ಬಳು “ಇಲ್ಲ ಅತ್ತೆ, ಈಗಿನ್ನೂ ಎದ್ದೈತೆ” ಅನ್ನುವಳು. ಇಷ್ಟೇ. ಕೇಳುವವರಿಗೆ ಎಂಥ ಹೊಂದಿಕೆಯ ಮನೆ ಅನ್ನಿಸಬೇಕು. ನಾನು ಗಿರಣಿಯಲ್ಲಿ ಕೂತು ಇದನ್ನೆಲ್ಲ ನೋಡುತ್ತ ಹಲ್ಲು ಕಡಿಯುತ್ತಿದ್ದೆ.

“ನಿನ್ನ ಅತ್ತೇನ ಕೇಳೇ ಬಿಡು, ಏನ್ ಮನಸ್ಸಿನಾಗೆ ಇಟ್ಕೊಂಡಿದೀಯ ಅಂತ” ಅಂದೆ ಒಂದು ದಿನ.

“ಕೇಳಿದ್ರೆ ಹೌದು ಅಂತಾರೆ ದ್ಯಾಮಕ್ಕ. ಹೌದು ಅಂದ್ಮೇಲೆ ಒಂದೇ ಮನೇಲಿ ಹೆಂಗಿರ್ಲಿ? ನನಗೆ ತವರು ಅಂತ ಯಾರವ್ರೆ?” ಅಂದಳು.

ಕೊನೆಗೆ ಅವಳೇ ಒಂದು ದಾರಿ ಕಂಡುಕೊಂಡಳು. ಗಿರಣಿ ಓಡುವಾಗ ಪಕ್ಕದಲ್ಲಿ ನಿಂತು ಕೂಗಿದರೂ ಕೇಳುವುದಿಲ್ಲ. ಮೂಲೆಯ ಚೀಲಗಳ ಮೇಲೆ ಕೂಸನ್ನು ಮಲಗಿಸಿಕೊಂಡು ತಟ್ಟುವಳು, ಹಾಡಿಲ್ಲ, ಹೆಸರಿಲ್ಲ, ಬರೀ ಆ ಗರಗರ ಸದ್ದಿಗೇ ಪುಟ್ಟಿ ಕಣ್ಣು ಮುಚ್ಚುವಳು. ಎದ್ದಾಗ ಹೊಸ್ತಿಲಲ್ಲಿ ಏನೂ ಬಂದಿರುತ್ತಿರಲಿಲ್ಲ, ಯಾಕೆಂದರೆ ಯಾರೂ ಏನನ್ನೂ ಕರೆದಿರಲಿಲ್ಲ. ಅದಕ್ಕೋಸ್ಕರ ರಾತ್ರಿಯೂ ಅರ್ಧ ಗಂಟೆ ಖಾಲಿ ಗಿರಣಿ ಓಡಿಸಿದ್ದೇನೆ. ಕಲ್ಲು ಸವೆಯಿತು, ಕರೆಂಟ್ ಬಿಲ್ಲು ಏರಿತು, ಏನು ಮಾಡುವುದು? ಹಿಟ್ಟಿನ ಧೂಳು ತುಂಬಿ ಪುಟ್ಟಿಯ ರೆಪ್ಪೆಗಳೆಲ್ಲ ಬೆಳ್ಳಗಾಗಿರುತ್ತಿದ್ದವು. ತಿಪ್ಪಮ್ಮ ಗಿರಣಿ ಬಾಗಿಲಿಗೆ ಬಂದು ನಿಂತು ಮೊಮ್ಮಗಳನ್ನು ನೋಡುತ್ತಿದ್ದಳು. ಏನೋ ಹೇಳುತ್ತಿದ್ದಳು. ಕೇಳಿಸುತ್ತಿರಲಿಲ್ಲ.

ಒಂದು ಬೆಳಗ್ಗೆ ಕಂಬದ ಕೆಲಸ ಅಂತ ಲೈನಿನವರು ಇಡೀ ಊರಿನ ಕರೆಂಟು ತೆಗೆದರು. ಅದೇ ದಿನ ವನಜಳಿಗೆ ಕೆಂಡದಂಥ ಜ್ವರ. ನಿಲ್ಲಲೂ ಆಗದೆ ಗಿರಣಿಯ ಚೀಲದ ಮೇಲೆ ಕೂಸನ್ನು ಅವುಚಿಕೊಂಡು ಬಿದ್ದಿದ್ದಳು. “ನೀನು ಕಣ್ಣು ಮುಚ್ಚು, ನಾನು ನೋಡ್ಕೊಂತೀನಿ” ಅಂದೆ. ಕೂಸನ್ನು ನನ್ನ ಮಡಿಲಿಗೆ ಹಾಕಿಕೊಂಡೆ. ಅಷ್ಟರಲ್ಲಿ ಯಾರೋ ರಾಗಿ ತಂದರು, ಕರೆಂಟ್ ಇಲ್ಲ ನಾಳೆ ಬನ್ನಿ ಅಂದರೆ ಕೇಳದೆ ಚೀಲ ಒಳಗಿಡಿ ಅಂತ ಜಗಳಕ್ಕೇ ನಿಂತರು. ಪುಟ್ಟಿಯನ್ನು ಅವಳ ಅಮ್ಮನ ಪಕ್ಕ ಕೂರಿಸಿ, ಹೊರಗೆ ಹೋಗಿ ಆ ಮನುಷ್ಯನಿಗೆ ನಾಕು ಬೈದು ಕಳಿಸಿ ಒಳಗೆ ಬಂದರೆ, ವನಜ ಇದ್ದಾಳೆ, ಕೂಸಿಲ್ಲ.

ಗಿರಣಿಯ ಹಿಂದಿನ ಬಾಗಿಲು ತೆರೆದಿತ್ತು. ಗೋಡೆಯಾಚೆ ತೊಟ್ಟಿಲು ಕಿರ್ ಕಿರ್ ಅನ್ನುತ್ತಿತ್ತು. ಕರೆಂಟಿಲ್ಲದ ಊರು ಎಷ್ಟು ನಿಶ್ಶಬ್ದ ಅಂದರೆ ತಿಪ್ಪಮ್ಮನ ಒಂದೊಂದು ಮಾತೂ ಕೇಳುತ್ತಿತ್ತು. ನಾನು ಓಡಿದೆ. ನನ್ನ ಮೈಗೆ ಓಟ ಎಲ್ಲಿಂದ ಬಂತೋ. ಮುಂಬಾಗಿಲಿಗೆ ಒಳಗಿಂದ ಚಿಲಕ. ಕಿಟಕಿಯಲ್ಲಿ ಇಣುಕಿದರೆ ತಿಪ್ಪಮ್ಮ ಗೋಡೆಗೊರಗಿ ಕೂತು ಹಗ್ಗ ಎಳೆಯುತ್ತಿದ್ದಾಳೆ, ಕಣ್ಣಿಂದ ನೀರು ಧಾರಾಕಾರ, ಬಾಯಿಂದ ಹಾಡು.

ಬಾರೋ ಓಬಣ್ಣ ಬರಿಗಾಲ ಓಬಣ್ಣ
ಹಾಲಿನ ಮೀಸೆ ಹೊತ್ತೋನೇ ಓಬಣ್ಣ
ಸೆರಗಿನ ತುದಿ ಹಿಡ್ಕೊಂಡು ಕಣಕೆ ಬಂದೋನೇ
ಬೆಲ್ಲಕ್ಕೆ ಕೈಯೊಡ್ಡಿ ಬಾರೋ ಓಬಣ್ಣ

“ತಿಪ್ಪಕ್ಕ, ಬಾಗ್ಲು ತೆಗಿ. ನಿನ್ನ ಕಾಲಿಗೆ ಬೀಳ್ತೀನಿ, ತೆಗಿ” ಅಂತ ಕಿಟಕಿಯ ಸರಳು ಹಿಡಿದು ಬಡಿದೆ. ಪುಟ್ಟಿ ಬೆಚ್ಚಿ ಎದ್ದು ಕೂತಳು. ನನಗೆ ಹೋದ ಜೀವ ಬಂತು. ತಿಪ್ಪಮ್ಮ ನನ್ನ ಕಡೆ ತಿರುಗಲೂ ಇಲ್ಲ. ಕೂಸನ್ನು ಮತ್ತೆ ಮಲಗಿಸಿ, ಅಂಗೈಯಿಂದ ಅದರ ಒಂದು ಕಿವಿ ಮುಚ್ಚಿ, ಬಾಯನ್ನು ಇನ್ನೊಂದು ಕಿವಿಗೇ ಇಟ್ಟು ಹಾಡತೊಡಗಿದಳು. ಅಷ್ಟರಲ್ಲಿ ವನಜ ಗೋಡೆ ಹಿಡಿದುಕೊಂಡು ಬಂದಳು. ಜ್ವರದ ಮುಖ ಕೆಂಪಗೆ ಉಬ್ಬಿತ್ತು. ಅವಳು ಅತ್ತೆಯನ್ನು ಬೈಯಲಿಲ್ಲ, ಬೇಡಲೂ ಇಲ್ಲ. ಕಿಟಕಿಗೆ ಬಾಯಿ ಕೊಟ್ಟು ಮನೆಯ ಹಾಡು ಎತ್ತಿಕೊಂಡಳು. ಮೊರವೇ ಜೋ, ಜರಡಿಯೇ ಜೋ, ಸೌಟೇ ಚೊಂಬೇ ಜೋ ಜೋ ಅಂತ, ಒಡಕು ದನಿಯಲ್ಲಿ, ಅಳುತ್ತ ಕೆಮ್ಮುತ್ತ. ಒಳಗಿಂದ ಓಬಣ್ಣ, ಹೊರಗಿಂದ ಸೌಟು. ಕೂಸು ಒಂದು ಸಲ ಅಮ್ಮನ ಕಡೆ ನೋಡಿತು, ಒಂದು ಸಲ ಅಜ್ಜಿಯ ಕಡೆ ನೋಡಿತು. ಬೆಳಗಿಂದ ನಿದ್ದೆಗೆಟ್ಟ ಕೂಸು, ಎಷ್ಟು ಹೊತ್ತು ತಡೆದೀತು? ಕೆಮ್ಮು ಬಂದು ವನಜ ಒಂದು ಗಳಿಗೆ ನಿಲ್ಲಿಸಿದಳು. ಆ ಗಳಿಗೆಯಲ್ಲಿ ಓಬಣ್ಣ ಅಂತ ಕೇಳಿತು, ಪುಟ್ಟಿಯ ಕಣ್ಣು ಮುಚ್ಚಿಹೋಯಿತು.

ತಿಪ್ಪಮ್ಮ ಹಗ್ಗ ಬಿಟ್ಟು ಎದ್ದು ಬಂದು ಚಿಲಕ ತೆಗೆದಳು. “ಇನ್ನೇನ್ ಮಾಡ್ತೀರೋ ಮಾಡ್ರಿ. ನನ್ನ ಮಗ ಬರ್ತಾನೆ” ಅಂದಳು. ಅವಳ ಮುಖದಲ್ಲಿ ಗೆಲುವಿಗಿಂತ ಗಾಬರಿಯೇ ಜಾಸ್ತಿ ಕಂಡಿತು ನನಗೆ.

ಕರೆಸಿಕೊಂಡವರು ಎಷ್ಟು ದೂರದಲ್ಲಿದ್ದರೂ ಬರುತ್ತಾರೆ. ಕೂಸು ಮಲಗುವ ಮೊದಲೇ ಅವರು ಹೊರಟಿರುತ್ತಾರೆ, ಅದೂ ನಮ್ಮೂರಿನ ರೀತಿ. ಓಬ ಈಗ ಯಾವುದೋ ಬಸ್ಸಿನಲ್ಲಿ ಕೂತು, ನಾನ್ಯಾಕೆ ಹೊರಟೆ ಅಂತ ತನಗೇ ತಿಳಿಯದೆ, ಬೀಡಿ ಸೇದುತ್ತ ಬರುತ್ತಿರಬಹುದು. ಉಳಿದಿದ್ದ ಉಪಾಯ ಒಂದೇ, ಕೂಸು ಏಳಬಾರದು. ಎಷ್ಟು ಹೊತ್ತು ಮಲಗಿರುತ್ತದೋ ಅಷ್ಟು ಹೊತ್ತು ವನಜಳದು.

ನಾನು ಓಣಿಗೆಲ್ಲ ಸನ್ನೆ ಮಾಡಿದೆ. ನಮ್ಮ ಜನ ಬೇರೆ ಯಾವುದಕ್ಕೂ ಒಂದಾಗುವುದಿಲ್ಲ, ಇದಕ್ಕೆ ಆದರು. ಪಾಲಯ್ಯನ ಹೆಂಡತಿ ಅರ್ಧ ಒಗೆದ ಬಟ್ಟೆಯನ್ನು ಕಲ್ಲಿನ ಮೇಲೇ ಬಿಟ್ಟಳು. ಯಾರೋ ನಾಯಿಗಳಿಗೆ ರೊಟ್ಟಿ ಎಸೆದು ಓಣಿಯಿಂದಾಚೆ ಕರೆದೊಯ್ದರು. ಪಾತ್ರೆಗೆ ಕಲಾಯಿ ಅಂತ ಕೂಗಲು ಬಾಯಿ ತೆರೆದವನ ಬಾಯಿಗೆ ಒಬ್ಬಳು ಬಾಳೆಹಣ್ಣು ತುರುಕಿ ಕೂರಿಸಿದಳು. ಪುಟ್ಟಿಯ ಮುಖದ ಮೇಲೆ ಕೂರಲು ಬಂದ ನೊಣವನ್ನು ನಾನು ಬೀಸಣಿಗೆಯಿಂದ ಓಡಿಸುತ್ತ ಕೂತೆ, ಬೀಸಣಿಗೆಯ ಗಾಳಿಗೆ ಎದ್ದುಬಿಟ್ಟೀತೆಂದು ಮೆಲ್ಲಗೆ ಆಡಿಸಿದೆ. ವನಜ ಒಂದು ಸೀರೆ, ಕೂಸಿನ ಬಟ್ಟೆ, ಜ್ವರದ ಗುಳಿಗೆ ಗಂಟು ಕಟ್ಟಿಟ್ಟುಕೊಂಡಳು. ಎಲ್ಲಿಗೆ ಅಂತ ನಾನು ಕಣ್ಣಲ್ಲೇ ಕೇಳಿದೆ. ಗೊತ್ತಿಲ್ಲ ಅಂತ ತಲೆಯಾಡಿಸಿದಳು. ಹೋಗಬೇಕೆಂದರೆ ಕೂಸನ್ನು ಎತ್ತಬೇಕು, ಎತ್ತಿದರೆ ಅದು ಏಳುತ್ತದೆ, ಎದ್ದರೆ ಅವನು ಹೊಸ್ತಿಲಲ್ಲಿರುತ್ತಾನೆ. ಅವಳು ಗಂಟನ್ನು ಮಡಿಲಲ್ಲಿಟ್ಟುಕೊಂಡು ಬಾಗಿಲನ್ನೇ ನೋಡುತ್ತ ಕೂತಳು. ಹಲ್ಲು ಕಟಕಟ ಅನ್ನುತ್ತಿದ್ದವು, ಜ್ವರಕ್ಕೋ ಭಯಕ್ಕೋ ನಾನರಿಯೆ.

ತಿಪ್ಪಮ್ಮ ಅಷ್ಟರಲ್ಲಿ ತಲೆ ಬಾಚಿಕೊಂಡಿದ್ದಳು. ಒಂದು ತಟ್ಟೆಯಲ್ಲಿ ಬೆಲ್ಲ ಇಟ್ಟುಕೊಂಡು ಹೊಸ್ತಿಲ ಪಕ್ಕ ಕೂತಿದ್ದಳು.

ದೊಡ್ಡ ರಸ್ತೆಯಲ್ಲಿ ಬಸ್ಸು ನಿಂತ ಸದ್ದಾಯಿತು. ಬಾಗಿಲು ಧಡ್ ಅಂತ ಹಾಕಿಕೊಂಡಿತು, ಬಸ್ಸು ಹೋಯಿತು. ಗಂಡು ಹೆಜ್ಜೆ, ಚಪ್ಪಲಿಯ ಸದ್ದು, ಓಣಿಯೊಳಗೇ ಬರುತ್ತಿತ್ತು. ವನಜ ನನ್ನ ತೋಳು ಹಿಡಿದಳು, ಉಗುರು ಚರ್ಮಕ್ಕೆ ಇಳಿಯಿತು. ನಾನು ಮೂಲೆಯ ಒನಕೆ ಎಲ್ಲಿದೆ ಅಂತ ನೋಡಿಕೊಂಡೆ. ಹೆಜ್ಜೆ ಬಾಗಿಲ ಮುಂದೆ ನಿಂತಿತು. ಪಾಲಯ್ಯ. ಕೈಯಲ್ಲಿ ಕೊತ್ತಂಬರಿ ಕಟ್ಟು. “ಏನು, ಎಲ್ಲಾ ಹಿಂಗೆ ಕೂತಿದೀರ?” ಅಂತ ಅವನ ಮಾಮೂಲಿ ಗಂಟಲಲ್ಲಿ ಕೇಳಿಬಿಟ್ಟ ಪುಣ್ಯಾತ್ಮ.

ಪುಟ್ಟಿ ಕಣ್ಣು ಬಿಟ್ಟಳು.

ನಾವು ಮೂವರೂ ಹೊಸ್ತಿಲನ್ನು ನೋಡಿದೆವು. ಹೊಸ್ತಿಲ ಆಚೆ ಪಾಲಯ್ಯನ ಕಾಲು, ಅದರಾಚೆ ಬಿಸಿಲು. ಪಾಲಯ್ಯನನ್ನು ಪಕ್ಕಕ್ಕೆ ತಳ್ಳಿ ನಾನು ಓಣಿಯ ಎರಡೂ ಕಡೆ ನೋಡಿದೆ. ಯಾರೂ ಇಲ್ಲ. ಪುಟ್ಟಿ ತೊಟ್ಟಿಲ ಅಂಚು ಹಿಡಿದು ಎದ್ದು ನಿಂತು ಅಮ್ಮ ಅಂತ ಕೈ ಚಾಚಿದಳು. ವನಜ ಎತ್ತಿಕೊಂಡಳು. ಕಾದೆವು. ನಮ್ಮೂರಲ್ಲಿ ಕರೆದದ್ದು ಬರದೆ ಹೋದದ್ದನ್ನು ನಾನು ಕಂಡಿಲ್ಲ, ನನ್ನ ಅಜ್ಜಿಯೂ ಕಂಡಿರಲಿಲ್ಲ.

“ಓಬ ಸತ್ತೋದ್ನಾ?” ತಿಪ್ಪಮ್ಮ ಕೇಳಿದಳು. ಯಾರಿಗೆ ಕೇಳಿದಳೋ. ಬೆಲ್ಲದ ತಟ್ಟೆ ಹಿಡಿದೇ ಎದ್ದು ನಿಂತಳು. ವನಜಳ ಮುಖದಲ್ಲಿ ಸಮಾಧಾನ ಮೂಡಿತು, ಮೂಡಿದ್ದಕ್ಕೆ ಅವಳಿಗೇ ನಾಚಿಕೆಯಾಗಿ ಮುಖವನ್ನು ಕೂಸಿನ ಹೆಗಲಲ್ಲಿ ಹುದುಗಿಸಿದಳು.

ಪಾಲಯ್ಯನಿಗೆ ವಿಷಯ ಹೇಳಿ ಫೋನ್ ಮಾಡಿಸಿದೆ. ಎಲ್ಲರಿಗೂ ಕೇಳುವ ಹಾಗೆ ಇಟ್ಟುಕೊಂಡ. ಆ ಕಡೆ ಎತ್ತಿದರು. ಮೊದಲು ಮಷೀನು ನೆಲ ಕೊರೆಯುವ ಸದ್ದು, ಅದರ ಮೇಲೆ ಅವನ ಗಂಟಲು. “ಯಾವನೋ ಅವನು, ಕೆಲ್ಸದ ಹೊತ್ತಲ್ಲಿ? ಬಾಯಿ ಬಿಡೋ” ಅಂತ ಗದರಿದ. ಪುಟ್ಟಿ ಅಮ್ಮನ ಕುತ್ತಿಗೆಯನ್ನು ಗಟ್ಟಿಯಾಗಿ ಅವುಚಿಕೊಂಡಳು. ತಿಪ್ಪಮ್ಮ ಬೆಲ್ಲದ ತಟ್ಟೆಯನ್ನು ಎದೆಗೊತ್ತಿಕೊಂಡು ಒಂದು ಹೆಜ್ಜೆ ಹಿಂದಕ್ಕೆ ಸರಿದಳು. ಮಗ ಬದುಕಿದ್ದಾನೆ ಅಂತ ತಿಳಿದ ತಾಯಿ ಹಾಗೆ ಹಿಂದಕ್ಕೆ ಸರಿದದ್ದನ್ನು ನಾನು ಕಣ್ಣಾರೆ ಕಂಡೆ. ಫೋನು ಕಟ್ಟಾಯಿತು. ಪಾಲಯ್ಯ ಯಾರ ಮುಖವನ್ನೂ ನೋಡದೆ ಕೊತ್ತಂಬರಿ ಹಿಡಿದು ಮನೆಗೆ ಹೋದ.

“ಎಲ್ಲಿಗೂ ಹೊಂಟಿಲ್ಲ ಅವನು. ಅಲ್ಲೇ ಅವ್ನೆ” ಅಂದಳು ವನಜ. ಆಮೇಲೆ, “ಅತ್ತೆ, ನೀವು ಏನಂತ ಕರೆದ್ರಿ?” ಅಂತ ಕೇಳಿದಳು.

ತಿಪ್ಪಮ್ಮ ಕೂತಳು. ಹಾಡಲಿಲ್ಲ, ಬರೀ ಮಾತಿನಲ್ಲಿ ಹೇಳಿಕೊಂಡಳು. ಬರಿಗಾಲಲ್ಲಿ ಓಡಾಡುತ್ತಿದ್ದ, ಹಾಲು ಕುಡಿದರೆ ತುಟಿಯ ಮೇಲೆ ಬಿಳಿ ಮೀಸೆ ಮೂಡುತ್ತಿತ್ತು, ಎಲ್ಲಿ ಹೋದರೂ ಸೆರಗು ಹಿಡಿದು ಬರುತ್ತಿದ್ದ, ಬೆಲ್ಲ ಅಂದರೆ ಪ್ರಾಣ ಬಿಡುತ್ತಿದ್ದ. ಹೇಳುತ್ತ ಹೇಳುತ್ತ ದನಿ ಇಳಿಯಿತು. “ಅವನ್ನೇ ಕರೆದೆ ಕಣೇ. ಎಲ್ಲಿದ್ರೂ ಬಂದೇ ಬರ್ತಿದ್ದ. ಎಲ್ಲೂ ಇಲ್ಲ ಅವನು” ಅಂದಳು. ನಾನು ಸೆರಗಿನಿಂದ ಕಣ್ಣೊರೆಸಿಕೊಂಡೆ. ನನಗೆ ಅವಳ ಮೇಲೆ ಇದ್ದ ಸಿಟ್ಟೆಲ್ಲ ಎಲ್ಲಿ ಹೋಯಿತೋ.

ವನಜ ಮಾತ್ರ ಅಳಲಿಲ್ಲ. ಕೂಸನ್ನು ತೊಟ್ಟಿಲಲ್ಲಿ ಕೂರಿಸಿದಳು. ತೂಗುವ ಹಗ್ಗದ ತುದಿ ಹಿಡಿದು ಬಂದು ಅತ್ತೆಯ ಮುಂದೆ ಚಾಚಿದಳು. “ತಗಳ್ರಿ. ಈಗ ಇರೋ ಮಗನ್ನ ಕರೀರಿ. ಲಾರಿ ಮೇಲಿರೋನ್ನ, ಆ ಗಂಟಲಿನೋನ್ನ. ಬರ್ತಾನೆ. ನಾನು ತಡೆಯಲ್ಲ ಅತ್ತೆ, ಕಾದು ಕಾದು ನಂಗೆ ಸಾಕಾಗೈತೆ. ಬರೋದಾದ್ರೆ ಬಂದೇ ಬಿಡ್ಲಿ” ಅಂದಳು. ನಾನು ಬೇಡವೇ ಅನ್ನಲು ಬಾಯಿ ತೆರೆದೆ, ಅವಳು ಒಂದು ನೋಟದಲ್ಲೇ ನನ್ನನ್ನು ಸುಮ್ಮನಿರಿಸಿದಳು. ತೊಟ್ಟಿಲಲ್ಲಿ ಪುಟ್ಟಿ ಅರೆನಿದ್ದೆಯಲ್ಲಿ ಎದ್ದದ್ದಕ್ಕೋ ಏನೋ ಮತ್ತೆ ಆಕಳಿಸುತ್ತಿದ್ದಳು. ಹಾಡು ಶುರುಮಾಡಿದರೆ ಅರೆಗಳಿಗೆಯಲ್ಲಿ ಮಲಗುತ್ತಿದ್ದಳು.

ತಿಪ್ಪಮ್ಮ ಹಗ್ಗವನ್ನು ನೋಡಿದಳು, ಮುಟ್ಟಲಿಲ್ಲ. ತೊಟ್ಟಿಲಲ್ಲಿ ತೂಕಡಿಸುತ್ತಿದ್ದ ಕೂಸನ್ನು ನೋಡಿದಳು. ಹೊರಗಿನವರಿಗೆ ಕೇಳಬಾರದೆಂಬಂತೆ, “ಬ್ಯಾಡ ಕಣೇ. ಅವನು ಬಂದ್ರೆ ನಂಗೂ ಭಯ” ಅಂದಳು.

ಅಂದವಳೇ, ಹೆತ್ತ ಬಾಯಲ್ಲಿ ಎಂಥ ಮಾತು ಬಂತಲ್ಲ ಅನ್ನುವ ಹಾಗೆ ಸೆರಗನ್ನು ತುಟಿಗೆ ಒತ್ತಿಕೊಂಡಳು. ವನಜ ಹಗ್ಗ ಬಿಟ್ಟು ಅವಳ ಪಕ್ಕದಲ್ಲಿ ಕೂತಳು. ತೊಟ್ಟಿಲು ತಾನಾಗಿ ಒಂದೆರಡು ಸಲ ತೂಗಿ ನಿಂತಿತು, ಕೂಸು ನಮ್ಮ ಮೂವರನ್ನೂ ನೋಡುತ್ತ ನೋಡುತ್ತ, ಯಾರೂ ಏನೂ ಹಾಡದೆ, ನಿದ್ದೆ ಹೋಯಿತು.